ಕೀವ್‌ನ ಮೈದಾನದಲ್ಲಿ ಯಾವ ಆಟ?

2013ರ ಡಿಸೆಂಬರ್ ತಿಂಗಳ ಮೊದಲ ವಾರ. ನಾನು ಆಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದೆ. ನಮ್ಮ ತಂಡದ ಅರ್ಧದಷ್ಟು ಜನ ಉಕ್ರೇನಿನ ಕೀವ್ ನಗರದಲ್ಲಿ ಕುಳಿತು ಕೆಲಸ ಮಾಡುತ್ತಿದ್ದರು. ನಮಗೆ ರಾತ್ರಿ ಎಂಟೂವರೆಯಾದಾಗ ಅವರಿಗೆ ಸಂಜೆ ಐದು. ದಿನದ ಕೊನೆಯ ಕರೆ ಮುಗಿಯುವ ಹೊತ್ತಿಗೆ ಅಲ್ಲಿನ ಗೆಳೆಯ, ಉಳಿದದ್ದನ್ನು ನಾಳೆ ನೋಡೋಣ, ಈಗ ಮೈದಾನಕ್ಕೆ ಹೋಗಬೇಕು ಎಂದ. ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವನ ಬಾಯಲ್ಲಿ ಆ ಒಂದು ಪದ ಮಾತ್ರ ನಮ್ಮ ಮನೆಯ ಪದದಂತೆ ಕೇಳಿಸಿತು. ಪರಿಚಯದ ಪದ ಸಿಕ್ಕ ಖುಷಿಯಲ್ಲಿ ನಾನು ಹಿಂದೆಮುಂದೆ ನೋಡದೆ, "ಹೌದೇ, ಯಾವ ಆಟ?" ಎಂದು ಕೇಳಿಬಿಟ್ಟೆ. ಆ ಕಡೆಯಿಂದ ಕೆಲವು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಅವನು ಬೇಸರವಿಲ್ಲದ ದನಿಯಲ್ಲಿ, "ಇವತ್ತು ಹಿಮ ಬೀಳುತ್ತಿದೆ, ಡೇರೆಗಳಿಗೆ ಕಟ್ಟಿಗೆ ಸಾಗಿಸುವ ಸರದಿ ನಮ್ಮದು" ಎಂದು ಕರೆ ಮುಗಿಸಿದ. ಅಂದು ರಾತ್ರಿ ಸುದ್ದಿ ನೋಡಿದಾಗ, ಅವನ ಮೈದಾನವೆಂದರೆ ಸರ್ಕಾರದ ವಿರುದ್ಧ ಜನ ಡೇರೆ ಹಾಕಿ ಕುಳಿತಿದ್ದ ನಗರದ ನಡುವಿನ ಚೌಕವೆಂದು ತಿಳಿದು ನನಗೆ ಊಟ ಸೇರಲಿಲ್ಲ.

ನನ್ನ ಪ್ರಶ್ನೆಯಲ್ಲಿ ದಡ್ಡತನವಿತ್ತು, ನಿಜ. ಆದರೆ ಅದು ಕನ್ನಡದ ಕಿವಿಯ ದಡ್ಡತನ. ನಮಗೆ ಮೈದಾನವೆಂದರೆ ಮೊದಲು ಆಟ, ಅದರ ನಂತರ ಚುನಾವಣಾ ಸಭೆ, ಅದಕ್ಕೂ ನಂತರ ಭೂಗೋಳದ ಪಾಠದಲ್ಲಿ ಬರುವ ಮೈದಾನ ಪ್ರದೇಶ. ಚಿಕ್ಕಂದಿನಲ್ಲಿ ನಾನು ಆ ಪದವನ್ನು ಬಿಡಿಸಿಕೊಂಡಿದ್ದ ರೀತಿ ಇನ್ನೂ ವಿಚಿತ್ರವಾಗಿತ್ತು. ಮೈ ಮತ್ತು ದಾನ ಸೇರಿ ಮೈದಾನವಾಗಿದೆ, ಕಬಡ್ಡಿಯಲ್ಲಿ ಬಿದ್ದು ಮೊಣಕಾಲಿನ ಚರ್ಮವನ್ನು ಅಲ್ಲಿ ಬಿಟ್ಟು ಬರುವುದರಿಂದ ಹಾಗೆ ಹೆಸರು ಬಂದಿದೆ ಎಂದು ಏಳನೆಯ ತರಗತಿಯವರೆಗೂ ನಂಬಿದ್ದೆ. ಆ ಪದ ನಮ್ಮದಲ್ಲ, ಅರಬ್ಬಿ ಮತ್ತು ಪಾರಸಿಗಳ ದಾರಿಯಿಂದ ಬಂದದ್ದು ಎಂದು ತಿಳಿಯಿತಾದರೂ ಅದು ಪಶ್ಚಿಮಕ್ಕೂ ಅಷ್ಟೇ ದೂರ ಹೋಗಿದೆಯೆಂಬುದು ಕೀವ್‌ನ ಕರೆಯ ತನಕ ಹೊಳೆದಿರಲಿಲ್ಲ. ಆ ರಾತ್ರಿಯ ನಾಚಿಕೆಯೇ ನನ್ನನ್ನು ಉಕ್ರೇನಿಯನ್, ರಷ್ಯನ್, ಪೋಲಿಷ್ ಮುಂತಾದ ಸ್ಲಾವಿಕ್ ಭಾಷೆಗಳ ನಿಘಂಟುಗಳ ಕಡೆಗೆ ದೂಡಿತೆನ್ನಬೇಕು.

ಕುದುರೆಗೆ ಬೇಕಾದ ಜಾಗ

ಮೈದಾನದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿವೆ. ಅದು ಅರಬ್ಬಿಯದೇ ಪದ, ಅತ್ತಿತ್ತ ಅಲುಗಾಡುವ ಅರ್ಥವುಳ್ಳ ಧಾತುವಿನಿಂದ ಬಂದದ್ದು ಎನ್ನುವುದು ಒಂದು. ಅದು ಇರಾನಿನ ಹಳೆಯ ಭಾಷೆಯಿಂದ ಅರಬ್ಬಿಗೆ ಹೋದ ಪದ, ಅದರ ಹಿಂದೆ 'ನಡು' ಎಂಬ ಅರ್ಥವಿದೆ ಎನ್ನುವುದು ಇನ್ನೊಂದು. ಎರಡನೆಯದು ನಿಜವಾದರೆ ಮೈದಾನವು ನಮ್ಮ 'ಮಧ್ಯ' ಎಂಬ ಸಂಸ್ಕೃತ ಪದದ ದಾಯಾದಿಯಾಗುತ್ತದೆ. ಸಂಸ್ಕೃತದ ನೆಂಟಸ್ತನ ಕಂಡರೆ ಹಿಗ್ಗುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ನನಗೂ ಇದೆ. ಆದ್ದರಿಂದಲೇ ಇದನ್ನು ಹೆಚ್ಚು ಎಳೆಯದೆ ಬಿಡುತ್ತೇನೆ. ಪದವು ಪಾರಸಿಯಲ್ಲಿ ನೆಲೆನಿಂತ ಮೇಲೆ ಅದರ ಅರ್ಥ ಸ್ಪಷ್ಟವಾಗಿದೆ: ಕುದುರೆ ಓಡಿಸಲು, ಚೌಗಾನ್ ಎಂಬ ಪೋಲೋ ಆಡಲು, ಸೈನ್ಯವನ್ನು ಸಾಲುಗೂಡಿಸಲು ಖಾಲಿ ಬಿಟ್ಟ ಜಾಗ. ಇರಾನಿನ ಇಸ್ಫಹಾನಿನಲ್ಲಿ ದೊರೆ ಶಾ ಅಬ್ಬಾಸನ ಕಾಲದಲ್ಲಿ ಕಟ್ಟಿದ ಮೈದಾನವು ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲವಿದ್ದು, ಪೋಲೋದ ಗೋಲಿಗೆ ನೆಟ್ಟ ಕಲ್ಲಿನ ಕಂಬಗಳು ಅದರ ತುದಿಯಲ್ಲಿ ಈಗಲೂ ನಿಂತಿವೆ. ಅಂದರೆ ಆಟವೆಂಬ ನನ್ನ ಊಹೆ ನಾನೂರು ವರ್ಷ ತಡವಾಗಿತ್ತು, ಅಷ್ಟೇ.

ಪದವನ್ನು ಸ್ಲಾವ್ ಜನರಿಗೆ ತಲುಪಿಸಿದವರು ತುರ್ಕರು ಮತ್ತು ಹುಲ್ಲುಗಾವಲಿನ ಕುದುರೆ ಸವಾರರಾದ ತಾತಾರರು. ದಕ್ಷಿಣದಲ್ಲಿ ಆಟೊಮನ್ ಸಾಮ್ರಾಜ್ಯದ ಆಡಳಿತ ಮತ್ತು ಪೇಟೆಗಳ ಮೂಲಕ, ಉತ್ತರದಲ್ಲಿ ಹುಲ್ಲುಗಾವಲಿನ ಗಡಿಯ ಯುದ್ಧ ಮತ್ತು ವ್ಯಾಪಾರಗಳ ಮೂಲಕ ಅದು ಒಳಗೆ ಹೋಯಿತು. ತುರ್ಕಿ ಭಾಷೆಯಲ್ಲಿ ಅದು 'ಮೆಯ್ದಾನ್'. ತುರ್ಕಿಯ ನುಡಿಗಟ್ಟುಗಳನ್ನು ಓದುವಾಗ ಕನ್ನಡದವನಿಗೆ ಮೈ ಜುಮ್ಮೆನ್ನುವ ಸಂದರ್ಭವೊಂದಿದೆ. ಗುಟ್ಟೊಂದು ಎಲ್ಲರಿಗೂ ತಿಳಿಯಿತು ಎನ್ನಬೇಕಾದರೆ ಅವರು ಅದು ಮೆಯ್ದಾನಿಗೆ ಹೊರಬಂತು ಎನ್ನುತ್ತಾರೆ. ನಾವು ಬಯಲಿಗೆ ಬಂತು ಎನ್ನುತ್ತೇವೆ. ಎರಡು ಭಾಷೆಗಳು ಒಂದರ ಮುಖ ಒಂದು ನೋಡದೆ ಒಂದೇ ಮಾತನ್ನು ಕಟ್ಟಿಕೊಂಡಿವೆ. ವ್ಯತ್ಯಾಸವೆಂದರೆ, ಕನ್ನಡವು ಗುಟ್ಟು ರಟ್ಟಾಗುವ ಕೆಲಸವನ್ನೂ ವಚನಕಾರರ ಶೂನ್ಯವನ್ನೂ ಬಯಲಾಟವನ್ನೂ ತನ್ನ ಸ್ವಂತದ ಬಯಲಿಗೇ ಇಟ್ಟುಕೊಂಡು, ಹೊರಗಿನಿಂದ ಬಂದ ಮೈದಾನಕ್ಕೆ ಕ್ರಿಕೆಟ್ಟನ್ನೂ ರಾಜಕಾರಣಿಗಳ ಭಾಷಣವನ್ನೂ ವಹಿಸಿತು. ಸ್ಲಾವಿಕ್ ಭಾಷೆಗಳು ಹೀಗೆ ಪಾಲು ಮಾಡಲಿಲ್ಲ. ಒಂದೊಂದು ಜನ ಆ ಖಾಲಿ ಜಾಗದಲ್ಲಿ ತಾವು ಏನು ಮಾಡುತ್ತಿದ್ದರೋ ಅದನ್ನೇ ಪದದ ಅರ್ಥವೆಂದು ಉಳಿಸಿಕೊಂಡರು.

ಸೆರ್ಬಿಯಾ, ಬೋಸ್ನಿಯಾಗಳಲ್ಲಿ ಅದು 'ಮೆಗ್ದಾನ್' ಆಯಿತು, ಅರ್ಥ ದ್ವಂದ್ವಯುದ್ಧ. ಅವರ ವೀರಗಾಥೆಗಳಲ್ಲಿ ಒಬ್ಬ ವೀರ ಇನ್ನೊಬ್ಬನನ್ನು ಮೆಗ್ದಾನಿಗೆ ಕರೆಯುತ್ತಾನೆ, ಇಬ್ಬರೂ ಮೆಗ್ದಾನನ್ನು 'ಹಂಚಿಕೊಳ್ಳುತ್ತಾರೆ', ಅಂದರೆ ಕಾದಾಡುತ್ತಾರೆ. ಹಾಗೆ ಕಾದಾಡುವುದರಲ್ಲಿ ಹೆಸರಾದವನು ಮೆಗ್ದಾನ್‌ಜಿಯ. ನಮ್ಮ ಅಖಾಡ, ಕಣಗಳ ಜಾಗದಲ್ಲಿ ಈ ಪದ ಕುಳಿತಿದೆ. ಪಕ್ಕದ ಬಲ್ಗೇರಿಯಾದಲ್ಲಿ ಅದೇ ಮೆಗ್ದಾನ್ ಹಳ್ಳಿಯ ನಡುವಿನ ಅಂಗಳ. ಹಬ್ಬದ ದಿನ ಕೈಕೈ ಹಿಡಿದು ಸುತ್ತು ಕಟ್ಟಿ 'ಹೊರೊ' ಕುಣಿಯುವ ಜಾಗ. ಒಂದೇ ದೊರೆತನದ ಕೆಳಗಿದ್ದ ಇಬ್ಬರು ನೆರೆಹೊರೆಯವರಲ್ಲಿ ಒಬ್ಬರಿಗೆ ಕತ್ತಿ ನೆನಪಾದರೆ ಇನ್ನೊಬ್ಬರಿಗೆ ಕುಣಿತ ನೆನಪಾಗುತ್ತದೆ. (ಸ್ಲಾವಿಕ್ ಅಲ್ಲದ ರೊಮೇನಿಯನ್ ಭಾಷೆಯಲ್ಲಿ ಮೈದಾನ್ ಎಂದರೆ ಯಾರೂ ಕೇಳದ ಪಾಳು ನಿವೇಶನ, 'ಮೈದಾನೇಜ್' ಎಂದರೆ ಬೀದಿನಾಯಿ. ಪದದ ಗ್ರಹಚಾರ!)

ಇಲ್ಲಿ ಒಂದು ಎಡವುಗಲ್ಲಿದೆ, ನಾನೂ ಎಡವಿದ್ದೇನೆ. ಸೆರ್ಬಿಯಾದ ನಕಾಶೆಯಲ್ಲಿ ಮೈದಾನ್‌ಪೆಕ್ ಎಂಬ ಊರು ಕಂಡಾಗ, ಪೆಕ್ ನದಿಯ ದಂಡೆಯ ಮೈದಾನವಿರಬೇಕೆಂದು ನಾನು ಟಿಪ್ಪಣಿ ಬರೆದುಕೊಂಡಿದ್ದೆ. ಅದು ತಾಮ್ರದ ಗಣಿಯ ಊರು. ಅಲ್ಲಿನ ಮೈದಾನ್ ಬೇರೆಯೇ ಪದ, ಗಣಿ ಎಂಬ ಅರ್ಥದ ತುರ್ಕಿಯ 'ಮಾದೆನ್', ಅದರ ಹಿಂದಿನ ಅರಬ್ಬಿಯ ಮಅದಿನ್‌ಗಳಿಂದ ಬಂದದ್ದು. ಬಲ್ಗೇರಿಯಾದ ರೊಡೋಪಿ ಬೆಟ್ಟಗಳ ಗಣಿಯೂರು ಮದಾನ್ ಕೂಡ ಇದೇ ವಂಶದ್ದು. ಬಾಯಿಂದ ಬಾಯಿಗೆ ಬಂದು ಎರಡು ಪದಗಳು ಒಂದೇ ವೇಷ ತೊಟ್ಟಿವೆ. ಮೈ ಮತ್ತು ದಾನವನ್ನು ಕೂಡಿಸಿದ ಏಳನೆಯ ತರಗತಿಯ ಹುಡುಗ ನನ್ನೊಳಗೆ ಇನ್ನೂ ಇದ್ದಾನೆಂಬುದು ಅಂದು ಖಚಿತವಾಯಿತು.

ಕಾಡು, ಗೋರಿ, ಸೆರೆಮನೆ

ಉತ್ತರದ ಕಡೆಯ ಕಥೆ ನನಗೆ ಇನ್ನೂ ಹೆಚ್ಚು ಇಷ್ಟ. ಉಕ್ರೇನಿನ ನೀಪರ್ ನದಿಯ ಕೆಳದಂಡೆಯಲ್ಲಿದ್ದ, ಯೋಧರ ಸಮುದಾಯವಾದ ಜಾಪೊರೀಜಿಯನ್ ಕೊಸಾಕ್‌ಗಳು ತಮ್ಮ ಕೋಟೆಯ ನಡುವಿನ ಅಂಗಳವನ್ನು ಮೈದಾನ್ ಎನ್ನುತ್ತಿದ್ದರು. ನಗಾರಿ ಬಾರಿಸಿದರೆ ಜನ ಅಲ್ಲಿ ಸೇರಬೇಕು. ನಾಯಕನನ್ನು ಆರಿಸುವುದೂ ಇಳಿಸುವುದೂ ಅಲ್ಲಿಯೇ, ಕೂಗಿನ ಬಲದ ಮೇಲೆ. ಯಾರೊಡನೆ ಕಾದಾಡುತ್ತಿದ್ದರೋ ಅದೇ ತಾತಾರರ ಪದವನ್ನು ತಮ್ಮ ಸಭೆಯ ಅಂಗಳಕ್ಕೆ ಇಟ್ಟುಕೊಂಡದ್ದರಲ್ಲಿ ಅವರಿಗೆ ಮುಜುಗರವೇನೂ ಇದ್ದಂತಿಲ್ಲ. ಕಾಡಿನ ಸೀಮೆಗಳಲ್ಲಿ ಮೈದಾನ್ ಎಂದರೆ ಮರ ಕಡಿದು ತೆರವು ಮಾಡಿದ ಜಾಗ, ಅಲ್ಲಿಂದ ಮುಂದೆ ಹೋಗಿ ಆ ತೆರವಿನಲ್ಲಿ ಟಾರು ಬಸಿಯುವ, ಮರದ ಬೂದಿಯಿಂದ ಪೊಟ್ಯಾಶ್ ತೆಗೆಯುವ ಭಟ್ಟಿ. ಇನ್ನು ಉಕ್ರೇನಿನ ಹುಲ್ಲುಗಾವಲುಗಳಲ್ಲಿ ಪುರಾತನ ಕಾಲದ ಗೋರಿದಿಬ್ಬಗಳಿವೆ. ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ತೆಗೆಯುವವರು ಆ ದಿಬ್ಬಗಳ ಮಣ್ಣನ್ನು ಅಗೆದು, ಕುದಿಸಿ, ಉಪ್ಪನ್ನು ಬೇರ್ಪಡಿಸುತ್ತಿದ್ದರು. ಹಾಗೆ ಹೊಟ್ಟೆ ಬಗೆದು ಬಿಟ್ಟ ಗೋರಿದಿಬ್ಬಕ್ಕೂ ಮೈದಾನ್ ಎಂದೇ ಹೆಸರು. ಪುರಾತತ್ವದವರು ಇಂದಿಗೂ ಆ ಹೆಸರನ್ನೇ ಬಳಸುತ್ತಾರೆ. ಸಮತಟ್ಟು ಎಂಬ ಅರ್ಥ ಇಲ್ಲಿ ಪೂರ್ತಿ ಕಳೆದುಹೋಗಿದೆ, ನಡುವೆ ಟೊಳ್ಳಾಗಿರುವುದೊಂದೇ ಉಳಿದಿದೆ.

ಆದರೆ ಅತ್ಯಂತ ಚಿಕ್ಕ ಮೈದಾನವಿದ್ದದ್ದು ಸೈಬೀರಿಯಾದ ಸೆರೆಮನೆಗಳಲ್ಲಿ. ಓಮ್ಸ್ಕ್‌ನಲ್ಲಿ 1850ರಿಂದ 1854ರವರೆಗೆ ಕಠಿಣ ಶಿಕ್ಷೆ ಅನುಭವಿಸಿದ ರಷ್ಯನ್ ಕಾದಂಬರಿಕಾರ ದಸ್ತಯೆವ್‌ಸ್ಕಿ ಆ ಅನುಭವದಿಂದ ಬರೆದ ಪುಸ್ತಕದಲ್ಲಿ ಅದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಒಂದು ಅರ್ಶಿನ್, ಅಂದರೆ ಎಪ್ಪತ್ತು ಸೆಂಟಿಮೀಟರ್ ಚಿಲ್ಲರೆ ಅಗಲದ ಒಂದು ಹರಕು ಜಮಖಾನ, ಒಂದು ಮೇಣದಬತ್ತಿ, ಜಿಡ್ಡು ಹಿಡಿದ ಒಂದು ಕಟ್ಟು ಇಸ್ಪೀಟು: ಈ ಮೂರೂ ಸೇರಿದರೆ ಅದು ಮೈದಾನ್. ರಾತ್ರಿ ಬಾಗಿಲು ಹಾಕಿದ ಮೇಲೆ ಕೈದಿಯೊಬ್ಬ ಅದನ್ನು ಹಾಸಿ ಬಾಡಿಗೆಗೆ ಕೊಡುತ್ತಾನೆ, ಉಳಿದವರು ಸುತ್ತ ಕುಳಿತು ಜೂಜಾಡುತ್ತಾರೆ. ಕಾವಲಿನವರು ಬಂದರೆ ಎಚ್ಚರಿಸಲು ಐದು ಕೊಪೆಕ್ ಕೂಲಿಗೆ ಒಬ್ಬ ಬಡಪಾಯಿ ಹೊರಗಿನ ಪಡಸಾಲೆಯ ಕತ್ತಲಲ್ಲಿ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ನಿಂತಿರುತ್ತಾನೆ. ಇಸ್ಫಹಾನಿನ ಅರ್ಧ ಕಿಲೋಮೀಟರ್ ಮೈದಾನ ಇಲ್ಲಿ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿಯುವಷ್ಟಾಗಿದೆ. ಆದರೂ ಆಟದ ಜಾಗವೆಂಬ ಅರ್ಥ ಬಿಟ್ಟುಹೋಗಿಲ್ಲ ಎಂಬುದನ್ನು ಗಮನಿಸಿದಾಗ ನನ್ನ ಹಳೆಯ ಪ್ರಶ್ನೆಗೆ ಸ್ವಲ್ಪ ಮಾನ ಬಂದಂತೆ ಅನಿಸಿತು.

ಗಂಟುಮೂಟೆ

2015ರಲ್ಲಿ ಕಂಪನಿ ನನ್ನನ್ನು ಎರಡು ವರ್ಷಕ್ಕೆ ಪೋಲೆಂಡಿನ ಕ್ರಾಕುವ್ ನಗರಕ್ಕೆ ಕಳುಹಿಸಿತು. ಮೊದಲ ಮನೆಯ ಯಜಮಾನಿ ಎಪ್ಪತ್ತರ ಆಸುಪಾಸಿನ ಹೆಂಗಸು, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ನಾನು ಎರಡು ಸೂಟ್‌ಕೇಸು, ಕುಕ್ಕರ್ ಇದ್ದ ರಟ್ಟಿನ ಪೆಟ್ಟಿಗೆ, ರಾಗಿಹಿಟ್ಟು ಸಾರಿನಪುಡಿಗಳ ಚೀಲ, ಅಮ್ಮ ಒತ್ತಾಯದಿಂದ ಹೊರಿಸಿದ್ದ ಒರಳಿನಂಥ ಒಂದು ಕುಟ್ಟಾಣಿ, ಇಷ್ಟನ್ನೂ ಒಂದೊಂದಾಗಿ ಹತ್ತಿಸಿ ಬಾಗಿಲಲ್ಲಿ ರಾಶಿ ಹಾಕಿ ಏದುಸಿರು ಬಿಡುತ್ತಿದ್ದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ರಾಶಿಯನ್ನು ನೋಡಿ ಏನೋ ಹೇಳಿದರು. ಅದರಲ್ಲಿ ನನಗೆ ಅರ್ಥವಾದದ್ದು ಒಂದೇ ಪದ: ಮೈದಾನ್. ಈ ಮನೆಯ ಹತ್ತಿರ ಮೈದಾನವಿದೆ ಎನ್ನುತ್ತಿದ್ದಾರೆಂದು ಭಾವಿಸಿ ಕಿಟಕಿಯಾಚೆ ನೋಡಿ ತಲೆಯಾಡಿಸಿದೆ. ಜೊತೆಗಿದ್ದ ಸಹೋದ್ಯೋಗಿ ನಗು ತಡೆಯಲಾರದೆ ಅನುವಾದಿಸಿದ. 'ತ್ಸಾವಿ ಮೈದಾನ್', ಈ ಇಡೀ ಗಂಟುಮೂಟೆಯೆಲ್ಲ ನಿಮ್ಮೊಬ್ಬರದೇ ಏನು ಎಂದು ಆಕೆ ಕೇಳಿದ್ದರು.

ಪೋಲಿಷ್ ಆಡುಮಾತಿನಲ್ಲಿ ಮೈದಾನ್ ಎಂದರೆ ಸಾಮಾನು ಸರಂಜಾಮು. ಹಳೆಯ ಪೋಲಿಷ್‌ನಲ್ಲಿ ಅದಕ್ಕೆ ಸೈನ್ಯದ ಪಾಳೆಯದ ನಡುವಿನ ಅಂಗಳ ಎಂಬ ಅರ್ಥವೂ ಇತ್ತು. ಪಾಳೆಯ ಎದ್ದಾಗ ಅಂಗಳದಲ್ಲಿ ಪೇರಿಸುವುದು ಗಂಟುಗಳನ್ನೇ ತಾನೆ. ಜಾಗದ ಹೆಸರು ಅಲ್ಲಿ ಬಿದ್ದಿದ್ದ ವಸ್ತುಗಳಿಗೆ ಅಂಟಿರಬೇಕು ಎಂದು ನನ್ನ ತರ್ಕ. ಅಂದಹಾಗೆ, ಇದನ್ನು ಕನ್ನಡದಲ್ಲಿ ವಿವರಿಸಲು ಹೊರಟು ನಾನು ಬಳಸಿದ ಸಾಮಾನು, ಸರಂಜಾಮು ಎರಡೂ ಪಾರಸಿಯಿಂದ ಬಂದವು.

ಅದೇ ಪದ ನನ್ನ ನಗುವನ್ನು ಒಣಗಿಸಿದ್ದು ಲೂಬ್ಲಿನ್‌ನಲ್ಲಿ. ಪೋಲೆಂಡಿನ ಆಗ್ನೇಯ ಭಾಗದಲ್ಲಿ, ಕಾಡು ಕಡಿದು ನೆಲೆಸಿದ ಕಾಲದ ನೆನಪಾಗಿ, ಮೈದಾನ್ ಎಂಬ ಹೆಸರಿನ ಹಳ್ಳಿಗಳು ಹತ್ತಾರಿವೆ. ಲೂಬ್ಲಿನ್ ನಗರದ ಒಂದು ಬಡಾವಣೆಯ ಹೆಸರು ಮೈದಾನ್ ತಾತಾರ್‌ಸ್ಕಿ, ಅಂದರೆ ತಾತಾರರ ಮೈದಾನ. 1941ರ ಶರತ್ಕಾಲದಲ್ಲಿ ನಾಜಿಗಳು ಅದರ ಪಕ್ಕದಲ್ಲೇ ಯಾತನಾ ಶಿಬಿರವೊಂದನ್ನು ಕಟ್ಟತೊಡಗಿದರು. ಅವರ ಕಡತಗಳಲ್ಲಿ ಅದಕ್ಕೆ ನಗರದ ಹೆಸರೇ ಇತ್ತು; ಊರಿನ ಜನ ಬಡಾವಣೆಯ ಹೆಸರಿಗೆ ಪುಟ್ಟದೆಂಬ ಅರ್ಥದ ಪ್ರತ್ಯಯ ಸೇರಿಸಿ ಮೈದಾನೆಕ್ ಎಂದರು. ಪುಟ್ಟ ಮೈದಾನ, ಮೈದಾನದ ಮರಿ. ಪುಟ್ಟಿ, ಚಿಕ್ಕಿ ಎನ್ನುವಾಗ ನಾವು ಬಳಸುವಂಥ ಅಕ್ಕರೆಯ ಪ್ರತ್ಯಯ ಅದು. ವಸ್ತುಸಂಗ್ರಹಾಲಯದ ಸಂಶೋಧಕರ ಲೆಕ್ಕದಂತೆ ಅಲ್ಲಿ ಸತ್ತವರು ಸುಮಾರು 78,000 ಜನ, ಅವರಲ್ಲಿ ಸುಮಾರು 59,000 ಜನ ಯಹೂದಿಗಳು. 1944ರ ಜುಲೈಯಲ್ಲಿ ಸೋವಿಯತ್ ಸೇನೆ ತಲುಪಿದಾಗ ಶಿಬಿರದ ಬಹುಭಾಗ ಹಾಗೆಯೇ ನಿಂತಿತ್ತು. ಹೆದ್ದಾರಿಯ ಬದಿಯ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಹುಲ್ಲಿನ ದೊಡ್ಡ ಬಯಲು, ಸಾಲು ಮರದ ಬ್ಯಾರಕ್ಕುಗಳು, ದೂರದ ತುದಿಯಲ್ಲಿ 1969ರಲ್ಲಿ ಕಟ್ಟಿದ ಗುಮ್ಮಟ. ಗುಮ್ಮಟದ ಕೆಳಗೆ ಇರುವುದು ಬೂದಿಯ ರಾಶಿ. ನಗರ ಇಷ್ಟು ಹತ್ತಿರವಿರುತ್ತದೆಂದು ನಾನು ಎಣಿಸಿರಲಿಲ್ಲ. ಬೇಲಿಯಾಚೆಯ ಮನೆಗಳ ಬಟ್ಟೆ ಒಣಹಾಕುವ ಹಗ್ಗಗಳು ಕಾಣುತ್ತಿದ್ದವು. ನಾಮಫಲಕದಲ್ಲಿನ ಆ ಪದವನ್ನು ಮಾತ್ರ ಅಂದು ನಾನು ಬಾಯಿಬಿಟ್ಟು ಓದಲಿಲ್ಲ.

ದೊಡ್ಡ ಅಕ್ಷರದ ಮೈದಾನ

ಕೀವ್‌ಗೆ ಮರಳೋಣ. ನಗರದ ನಡುವಿನ ಆ ಚೌಕಕ್ಕೆ ಕಾಲಕಾಲಕ್ಕೆ ಹೆಸರುಗಳು ಬದಲಾಗಿವೆ: ನಗರಸಭೆಯ ಕಟ್ಟಡವಿದ್ದಾಗ ದೂಮಾ ಚೌಕ, ಆಮೇಲೆ ಸೋವಿಯತ್ ಚೌಕ, ಕಲೀನಿನ್ ಚೌಕ, 1977ರಿಂದ ಅಕ್ಟೋಬರ್ ಕ್ರಾಂತಿಯ ಚೌಕ. ಈ ಎಲ್ಲದರಲ್ಲೂ ಚೌಕ ಎನ್ನಲು ಬಳಸಿದ ಪದ ಅಚ್ಚ ಸ್ಲಾವಿಕ್‌ನದು, ಉಕ್ರೇನಿಯನ್‌ನಲ್ಲಿ 'ಪ್ಲೊಶ್ಚ', ಚಪ್ಪಟೆ ಎಂಬ ಅರ್ಥದ ಬೇರಿನಿಂದ ಬಂದದ್ದು. 1991ರಲ್ಲಿ ದೇಶ ಸ್ವತಂತ್ರವಾದಾಗ ಮಾತ್ರ ಅದು 'ಮೈದಾನ್ ನೆಜಾಲೆಜ್ನೊಸ್ತಿ', ಸ್ವಾತಂತ್ರ್ಯ ಮೈದಾನವಾಯಿತು. ಹತ್ತಿರದ ಸೋಫಿಯಾ ಚೌಕ ಇಂದಿಗೂ ಪ್ಲೊಶ್ಚವೇ. ಸ್ವಂತ ಪದವಿದ್ದೂ ಕಡ ತಂದದ್ದನ್ನು ಏಕೆ ಆರಿಸಿಕೊಂಡರು? ಪ್ಲೊಶ್ಚ ಎನ್ನುವುದು ರಷ್ಯನ್ ಪದಕ್ಕೆ ತೀರಾ ಹತ್ತಿರ. ಮೈದಾನ್ ಎಂದಾಗ ಕೊಸಾಕ್ ಸಭೆಯ ನೆನಪು ಬರುತ್ತದೆ. ಪರದೇಶಿ ಪದವೇ ಹೆಚ್ಚು ಸ್ವದೇಶಿಯಾಗಿ ಕೇಳಿಸುವಂಥ ಸಂದರ್ಭಗಳು ಭಾಷೆಗಳಲ್ಲಿ ಬರುತ್ತವೆ.

ಹೆಸರು ಬದಲಾಗುವ ಮುನ್ನವೇ, 1990ರ ಅಕ್ಟೋಬರಿನಲ್ಲಿ, ವಿದ್ಯಾರ್ಥಿಗಳು ಅಲ್ಲಿ ಡೇರೆ ಹಾಕಿ ಉಪವಾಸ ಕುಳಿತು ಪ್ರಧಾನಿಯ ರಾಜೀನಾಮೆ ಪಡೆದಿದ್ದರು. ನೆಲಹಾಸಿನ ಕಲ್ಲಿನಿಂದಾಗಿ ಅದಕ್ಕೆ ಗ್ರಾನೈಟ್ ಮೇಲಿನ ಕ್ರಾಂತಿ ಎಂದು ಹೆಸರು. 2004ರ ಚಳಿಗಾಲದಲ್ಲಿ ಚುನಾವಣೆಯ ಅಕ್ರಮದ ವಿರುದ್ಧ ಕಿತ್ತಳೆ ಬಣ್ಣದ ಕ್ರಾಂತಿ ನಡೆದದ್ದೂ ಅಲ್ಲಿಯೇ. 2013ರ ನವೆಂಬರ್ 21ರಂದು, ಐರೋಪ್ಯ ಒಕ್ಕೂಟದೊಡನೆ ಆಗಬೇಕಿದ್ದ ಒಪ್ಪಂದವನ್ನು ಸರ್ಕಾರ ತಡೆಹಿಡಿದ ದಿನ, ಪತ್ರಕರ್ತ ಮುಸ್ತಫಾ ನಯ್ಯೆಮ್, ರಾತ್ರಿ ಹತ್ತೂವರೆಗೆ ಸ್ವಾತಂತ್ರ್ಯ ಸ್ಮಾರಕದ ಬಳಿ ಸೇರೋಣ ಎಂದು ಫೇಸ್‌ಬುಕ್‌ನಲ್ಲಿ ಬರೆದರು. ನಯ್ಯೆಮ್ ಹುಟ್ಟಿದ್ದು ಕಾಬೂಲಿನಲ್ಲಿ, ಮೈದಾನಕ್ಕೆ ಮೈದಾನ ಎಂದೇ ಅನ್ನುವ ಊರಿನಲ್ಲಿ. ನಾನು ಓದಿದ ಯಾವ ವಿವರಣೆಯೂ ಈ ಸಂಗತಿಗೆ ಒತ್ತು ಕೊಟ್ಟಿಲ್ಲ. ನನಗೆ ಮಾತ್ರ ಪದವೇ ತನ್ನವರೊಬ್ಬರನ್ನು ಹುಡುಕಿಕೊಂಡಂತೆ ಕಂಡಿತು. ನವೆಂಬರ್ 30ರ ನಸುಕಿನಲ್ಲಿ, ಹೊಸ ವರ್ಷದ ಮರ ನಿಲ್ಲಿಸಬೇಕೆಂಬ ನೆಪ ಹೇಳಿ ಪೊಲೀಸರು ವಿದ್ಯಾರ್ಥಿಗಳನ್ನು ಬಡಿದಟ್ಟಿದರು. ಡಿಸೆಂಬರಿನ ಇನ್ನೊಂದು ರಾತ್ರಿ ಪೊಲೀಸರು ಮುನ್ನುಗ್ಗಿದಾಗ ಸಂತ ಮೈಕೆಲನ ಮಠದ ಗಂಟೆಗಳನ್ನು ಬಾರಿಸಿ ಊರನ್ನು ಎಬ್ಬಿಸಿದರು. ಕೊಸಾಕ್‌ರ ನಗಾರಿಯ ಕೆಲಸವನ್ನು ಗಂಟೆ ಮಾಡಿತು. ಫೆಬ್ರವರಿಯ ಹೊತ್ತಿಗೆ ಜನ ನೆಲಹಾಸಿನ ಕಲ್ಲುಗಳನ್ನು ಮೀಟಿ ಎಬ್ಬಿಸಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಸಾಲಿನಲ್ಲಿ ನನ್ನ ಗೆಳೆಯನೂ ಇದ್ದ. ಆ ಚಳಿಗಾಲದಲ್ಲಿ ಅಲ್ಲಿ ಸತ್ತ ನೂರರಷ್ಟು ಜನರನ್ನು ಅವರು 'ನೆಬೆಸ್ನ ಸೊತ್ನ್ಯ', ಸ್ವರ್ಗದ ನೂರಾಳಿನ ಪಡೆ ಎನ್ನುತ್ತಾರೆ. ಸೊತ್ನ್ಯ ಎನ್ನುವುದೂ ಕೊಸಾಕ್ ಸೈನ್ಯದ ಪದ. ಅವರ ಚಿತ್ರಗಳನ್ನು ನೋಡುತ್ತಿದ್ದಾಗ ನನ್ನ ಮೈ ಮತ್ತು ದಾನದ ಹಳೆಯ ಸಂಧಿವಿಗ್ರಹ ನೆನಪಾಗಿ, ಅದು ತಪ್ಪೆಂದು ತಿಳಿದಿದ್ದರೂ, ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ಚಳಿಗಾಲದಲ್ಲಿ ಪದ ಜಾಗವನ್ನು ಬಿಟ್ಟು ಹೊರಟಿತು. ಸಿರಿಲಿಕ್ ಲಿಪಿಯಲ್ಲಿ ಚಿಕ್ಕ ಅಕ್ಷರದಿಂದ ಬರೆದರೆ ಯಾವುದೋ ಒಂದು ಚೌಕ, ದೊಡ್ಡ ಅಕ್ಷರದಿಂದ ಬರೆದರೆ ಆ ಮೂರು ತಿಂಗಳು. ಈ ಅನುಕೂಲ ಕನ್ನಡ ಲಿಪಿಗಿಲ್ಲ. ಯೂರೊಮೈದಾನ್ ಬಂತು, ಕಾರುಗಳಲ್ಲಿ ಮೆರವಣಿಗೆ ಹೊರಟವರದು ಆಟೊಮೈದಾನ್ ಆಯಿತು, ವಿರೋಧಿಗಳದು ಆಂಟಿಮೈದಾನ್. ರಷ್ಯನ್ ಭಾಷೆಯಲ್ಲಿ ಮೊದಲೇ ಇದ್ದ ಪದ ಉಕ್ರೇನಿನಿಂದ ಹೊಸದಾಗಿ ಮರಳಿ ಬಂದು, ಅಧಿಕಾರಸ್ಥರ ಬಾಯಲ್ಲಿ ದಂಗೆಗೆ ಇನ್ನೊಂದು ಹೆಸರಾಯಿತು. ಕಡ ತಂದ ಪದಕ್ಕೆ ಮಾತ್ರ ಹೀಗೆ ಹಗುರಾಗಿ ಹಾರುವ ಶಕ್ತಿಯಿದೆ, ಸ್ವಂತ ಪದಕ್ಕೆ ಬೇರಿನ ಭಾರವಿರುತ್ತದೆ ಎಂದು ನಾನೊಮ್ಮೆ ಉತ್ಸಾಹದಿಂದ ಬರೆದಿಟ್ಟುಕೊಂಡಿದ್ದೆ. ಬೆಲಾರೂಸ್ ಅದನ್ನು ಸುಳ್ಳು ಮಾಡಿತು. ಮಿನ್ಸ್ಕ್‌ನಲ್ಲಿ 2006ರಲ್ಲಿಯೂ 2010ರಲ್ಲಿಯೂ ಚುನಾವಣೆಯ ನಂತರ ಜನ ಚೌಕದಲ್ಲಿ ಸೇರಿದ್ದನ್ನು ಅಲ್ಲಿನವರು ಪ್ಲೊಶ್ಚ ಎಂದೇ ಕರೆಯುತ್ತಾರೆ, ಅದನ್ನೂ ದೊಡ್ಡ ಅಕ್ಷರದಿಂದಲೇ ಬರೆಯುತ್ತಾರೆ. ಚಪ್ಪಟೆ ಎಂಬ ಅರ್ಥದ ಆ ಹಳೆಯ ಪದಕ್ಕೂ ಅಷ್ಟೇ ಚೆನ್ನಾಗಿ ರೆಕ್ಕೆ ಬಂದಿದೆ. ಆದರೂ ಜನ ಪ್ರತಿಭಟನೆಗೆ ಸೇರಿದ ಜಾಗಗಳ ಒಂದು ಸಾಲು ನನ್ನನ್ನು ಬಿಡುವುದಿಲ್ಲ: 2011ರ ಜನವರಿಯಲ್ಲಿ ಕೈರೋದ ಮಿದಾನ್ ತಹ್ರೀರ್, ಅದೇ ಆಗಸ್ಟಿನಲ್ಲಿ ಅಣ್ಣಾ ಹಜಾರೆಯವರು ಉಪವಾಸ ಕುಳಿತ ದೆಹಲಿಯ ರಾಮಲೀಲಾ ಮೈದಾನ, 2013ರ ಬೇಸಿಗೆಯಲ್ಲಿ ಇಸ್ತಾಂಬುಲಿನ ತಕ್ಸಿಮ್ ಮೆಯ್ದಾನ್, ಚಳಿಗಾಲದಲ್ಲಿ ಕೀವ್. ಮೂರು ವರ್ಷ, ನಾಲ್ಕು ಭಾಷೆ, ಒಂದೇ ಪದ. ಇಂಗ್ಲಿಷಿನಲ್ಲಿ ಸುದ್ದಿ ಓದಿದ ನಮಗೆ ತಹ್ರೀರ್ ಮತ್ತು ತಕ್ಸಿಮ್‌ಗಳು ಬರೀ 'ಸ್ಕ್ವೇರ್' ಆಗಿ ಬಂದವು.

2022ರ ಮಾರ್ಚ್ 1ರ ಬೆಳಿಗ್ಗೆ ರಷ್ಯಾದ ಕ್ಷಿಪಣಿ ಬಿದ್ದದ್ದು ಉಕ್ರೇನಿನ ಖಾರ್ಕಿವ್ ನಗರದಲ್ಲಿರುವ ಪ್ರಾಂತೀಯ ಆಡಳಿತ ಕಟ್ಟಡದ ಮೇಲೆ. ಅದು ಇರುವ ಚೌಕದ ಹೆಸರು ಮೈದಾನ್ ಸ್ವೊಬೊದಿ, ಸ್ವಾತಂತ್ರ್ಯದ್ದೇ ಇನ್ನೊಂದು ಮೈದಾನ. ಆ ನಗರದಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರೂ ವೈದ್ಯಕೀಯ ಓದುತ್ತಿದ್ದರು. ಊರಿನ ತಂದೆತಾಯಂದಿರು ಟಿವಿ ಮುಂದೆ ಕುಳಿತಿದ್ದಾಗ ಆ ಹೆಸರು ಅವರ ಕಿವಿಗೆ ಬಿದ್ದಿದ್ದರೆ ಅನುವಾದ ಬೇಕಾಗುತ್ತಿರಲಿಲ್ಲ.

ಆ ಗೆಳೆಯ ಯುದ್ಧಕ್ಕೂ ಮುಂಚೆ, 2018ರಲ್ಲಿ, ಹತ್ತು ದಿನದ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ. ಭಾನುವಾರ ಸಂಜೆ ಅವನನ್ನು ನಮ್ಮ ಬಡಾವಣೆಯ ಮೈದಾನಕ್ಕೆ ಕರೆದೊಯ್ದೆ. ಒಂದೇ ಜಾಗದಲ್ಲಿ ಏಳೆಂಟು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ನಡೆಯುತ್ತಿದ್ದವು. ಮೂಲೆಯಲ್ಲಿ ರಾಜ್ಯೋತ್ಸವದ ವೇದಿಕೆಗೆ ಗಳ ನೆಡುತ್ತಿದ್ದರು. ಗೇಟಿನ ಫಲಕದಲ್ಲಿದ್ದ ನಾಲ್ಕು ಅಕ್ಷರಗಳನ್ನು ನಾನು ಬೆರಳಿಟ್ಟು ಓದಿ ತೋರಿಸಿದೆ. ಮೈ, ದಾ, ನ, ಮೂರು ಮಾತ್ರವಲ್ಲವೇ ಎಂದು ಎಣಿಸಿ ಅವನೇ ನನ್ನನ್ನು ತಿದ್ದಿದ. ಆಮೇಲೆ ಒಳಗೆ ಬಂದು ಬೂಟಿನ ತುದಿಯಿಂದ ಕೆಮ್ಮಣ್ಣನ್ನು ಕೆದಕಿ, ಸುತ್ತ ಒಮ್ಮೆ ಕಣ್ಣಾಡಿಸಿ, "ಇಲ್ಲಿ ಎಬ್ಬಿಸಲು ಕಲ್ಲೇ ಇಲ್ಲವಲ್ಲ" ಎಂದ. ಅಷ್ಟರಲ್ಲಿ ಚೆಂಡೊಂದು ಉರುಳಿ ಅವನ ಕಾಲ ಬಳಿಗೆ ಬಂತು. "ಅಂಕಲ್, ಬಾಲ್!" ಎಂದು ನಾಲ್ಕು ಕಡೆಯಿಂದ ಹುಡುಗರು ಕೂಗಿದರು, ಯಾವ ಪಂದ್ಯದ್ದೆಂದು ತಿಳಿಯದೆ ಅವನು ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ.